ತೂತು ಎಂಬ ಮಾತು

ಆ ಮಾತನ್ನು ಮನೆಗೆ ಹೊತ್ತು ತಂದವಳು ನಾನು. ಸ್ಕ್ಯಾನಿಂಗ್ ಮಾಡಿದ ಡಾಕ್ಟರು ಅದನ್ನು ಆಡಿರಲಿಲ್ಲ. ರಿಪೋರ್ಟಿನಲ್ಲೂ ಅದು ಇರಲಿಲ್ಲ. ಅಲ್ಲಿದ್ದದ್ದು ವಿ.ಎಸ್.ಡಿ. ಎಂಬ ಮೂರಕ್ಷರ, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ, ಕೆಳಗೆ ಫೀಟಲ್ ಎಕೋ, ಅಂದರೆ ಹೊಟ್ಟೆಯೊಳಗಿನ ಮಗುವಿನ ಹೃದಯವನ್ನೇ ನೋಡುವ ಸ್ಕ್ಯಾನಿಂಗ್, ಮಾಡಿಸಿಕೊಳ್ಳಿ ಎಂಬ ಒಂದು ಸಾಲಿನ ಸಲಹೆ. ತಂಗಿಯನ್ನು ಬೆಂಚಿನ ಮೇಲೆ ಕೂರಿಸಿ, ಅವಳಿಗೆ ಕೇಳಿಸದಷ್ಟು ದೂರ ಹೋಗಿ, ಮೆಟ್ಟಿಲ ಮೂಲೆಯಲ್ಲಿ ನಿಂತು ಅಮ್ಮನಿಗೆ ಫೋನ್ ಮಾಡಿದೆ. ಅಷ್ಟರೊಳಗೆ ಮೊಬೈಲಿನಲ್ಲಿ ಆ ಮೂರಕ್ಷರದ ಅರ್ಥ ಹುಡುಕಿಯಾಗಿತ್ತು. "ಏನಂದ್ರೇ?" ಎಂದು ಅಮ್ಮ ಕೇಳಿದಾಗ ಬಾಯಿಗೆ ಬಂದದ್ದು ಒಂದೇ: "ಮಗು ಹಾರ್ಟಲ್ಲಿ ತೂತಿದೆಯಂತೆ."

ಆ ಕಡೆಯಿಂದ ತುಂಬಾ ಹೊತ್ತು ಏನೂ ಕೇಳಿಸಲಿಲ್ಲ. ಸಂಜೆಯೊಳಗೆ ದೊಡ್ಡಮ್ಮ ಫೋನ್ ಮಾಡಿದರು, ಚಿಕ್ಕಪ್ಪ ಮಾಡಿದರು, ತಂಗಿಯ ಅತ್ತೆ ಎರಡು ಸಲ ಮಾಡಿದರು. ಎಲ್ಲರ ಬಾಯಲ್ಲೂ ಅದೇ ಮಾತು. ನಾಲ್ಕು ದಿನ ಬಿಟ್ಟು ಫೀಟಲ್ ಎಕೋಗೆ ಹೋಗುವಷ್ಟರಲ್ಲಿ ಎರಡು ಮಿಲಿಮೀಟರಿನ ಆ ಸಂಗತಿ ನಮ್ಮ ಇಡೀ ಬಳಗದ ಬಾಯಲ್ಲಿ ದೊಡ್ಡದಾಗಿ ಬೆಳೆದುಬಿಟ್ಟಿತ್ತು. ದೊಡ್ಡಮ್ಮ ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ: "ಹಂಗಾದ್ರೆ ರಕ್ತ ಎಲ್ಲಾ ಒಳಗೇ ಸೋರಿ ಹೋಗಲ್ವೇನೇ?" ಅವರನ್ನು ಅಂದು ಏನು ಪ್ರಯೋಜನ. ತೂತು ಎಂದರೆ ನಮ್ಮ ಕಣ್ಣಿಗೆ ಕಟ್ಟುವುದೇ ಸೋರುವ ಬಕೆಟ್ಟು, ನೀರು ನುಗ್ಗುವ ದೋಣಿ, ಮಳೆಗೆ ತೋಯಿಸುವ ಕೊಡೆ. ಒಳಗಿರಬೇಕಾದದ್ದು ಹೊರಗೆ ಹೋಗುವ ಜಾಗ ಅದು. ಮಗುವಿನ ಹೃದಯದಿಂದ ಹೊರಕ್ಕೆ ಒಂದು ತೊಟ್ಟೂ ಹೋಗುತ್ತಿರಲಿಲ್ಲ. ಎರಡು ಕೋಣೆಗಳ ನಡುಗೋಡೆಯಲ್ಲಿ ಒಂದು ಸಣ್ಣ ಸಂದು ಉಳಿದಿತ್ತು, ರಕ್ತ ಈ ಕೋಣೆಯಿಂದ ಆ ಕೋಣೆಗೆ ಅಡ್ಡದಾರಿಯಲ್ಲಿ ಹೋಗಿಬರಬಹುದಿತ್ತು, ಅಷ್ಟೇ. ಆ 'ಅಷ್ಟೇ'ಯನ್ನು ಹೇಳುವ ಮಾತು ಆಗ ನನ್ನ ಬಳಿ ಇರಲಿಲ್ಲ. ಇಷ್ಟು ವರ್ಷವಾದ ಮೇಲೂ ಕೊರೆಯುವುದು ಅದೇ.

ಕತ್ತಲ ಕೋಣೆ

ಇಪ್ಪತ್ತನೇ ವಾರದ ಸ್ಕ್ಯಾನಿಂಗಿಗೆ ನಾವಿಬ್ಬರೂ ನಗುನಗುತ್ತಲೇ ಹೋಗಿದ್ದೆವು. ತಂಗಿಯ ಗಂಡ ಕೆಲಸದ ಮೇಲೆ ದೂರ ಹೋಗಿದ್ದ, ಹಾಗಾಗಿ ಜೊತೆಗೆ ನಾನು. ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರಮ್ಮ ಮಾತುಗಾತಿ. ಇದು ಬೆನ್ನುಮೂಳೆ, ನೋಡಿ ಮುತ್ತಿನ ಸರದ ಹಾಗೆ, ಇದು ಕಿಡ್ನಿ, ಇಗೋ ಕಾಲು, ಒದೀತಿದೆ ನೋಡಿ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿದಾಗ ತಂಗಿ ಕಿಸಕ್ಕೆಂದು ನಕ್ಕಿದ್ದಳು. ಪ್ರೋಬ್ ಎದೆಯ ಭಾಗಕ್ಕೆ ಬಂತು. ನಾಲ್ಕು ಕೋಣೆಗಳು ಪಟಪಟನೆ ಬಡಿಯುತ್ತಿದ್ದವು, ನಿಮಿಷಕ್ಕೆ ನೂರ ನಲವತ್ತರ ಮೇಲೆ. ಇಡೀ ಹೃದಯ ನನ್ನ ಹೆಬ್ಬೆರಳ ತುದಿಯಷ್ಟು. ಅಲ್ಲಿಂದ ಡಾಕ್ಟರಮ್ಮನ ಮಾತು ಕಡಿಮೆಯಾಗುತ್ತಾ ಬಂದು ನಿಂತೇ ಹೋಯಿತು.

ಯಾವ ಕೆಟ್ಟ ಸುದ್ದಿಗೂ ಮುಂಚೆ ಅಂಥದೊಂದು ಮೌನ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ. ಅವರು ಪ್ರೋಬನ್ನು ಅಲ್ಲೇ ಒತ್ತಿ ಹಿಡಿದರು, ಸ್ವಲ್ಪ ಓರೆ ಮಾಡಿದರು, ಚಿತ್ರವನ್ನು ನಿಲ್ಲಿಸಿ ಎರಡು ಚುಕ್ಕಿಗಳ ನಡುವೆ ಗೆರೆ ಎಳೆದರು, ಅಳಿಸಿದರು, ಮತ್ತೆ ಎಳೆದರು. ಎಡಕ್ಕೆ ಹೊರಳಮ್ಮ ಎಂದರು. ಬಲಕ್ಕೆ ಹೊರಳಮ್ಮ ಎಂದರು. ಕೊನೆಗೆ, ಹೊರಗೆ ಹೋಗಿ ಹದಿನೈದು ನಿಮಿಷ ನಡೆದಾಡಿ ಬನ್ನಿ, ಮಗು ಮಗ್ಗುಲು ಬದಲಿಸಿದರೆ ಸರಿಯಾಗಿ ಕಾಣುತ್ತದೆ ಎಂದರು. ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುವಾಗ ತಂಗಿ ಒಂದೇ ಸಲ ಕೇಳಿದಳು, "ಅಕ್ಕಾ, ಏನಾದ್ರೂ ತೊಂದ್ರೆ ಇದ್ಯಾ?" ಏನೂ ಇಲ್ಲ ಕಣೇ ಎಂದೆ.

ಆ ನಡೆದಾಟ ನೆಪವೇನೂ ಆಗಿರಲಿಲ್ಲ ಎಂದು ಆಮೇಲೆ ತಿಳಿಯಿತು. ಪ್ರೋಬಿನಿಂದ ಹೊರಡುವ ಶಬ್ದದ ಅಲೆ ಒಂದು ಗೋಡೆಗೆ ನೇರವಾಗಿ ಬಡಿದರೆ ಗೋಡೆ ಬೆಳ್ಳಗೆ ಸ್ಪಷ್ಟವಾಗಿ ಮೂಡುತ್ತದೆ. ಗೋಡೆಯ ಉದ್ದಕ್ಕೇ ಸಾಗಿದರೆ ಅದರ ತೆಳುವಾದ ಭಾಗ ತೆರೆಯ ಮೇಲೆ ಮಾಯವಾಗುತ್ತದೆ. ಮಗು ಮಲಗಿದ ರೀತಿಯಿಂದಲೇ ಇಲ್ಲದ ಸಂದೊಂದು ಇದ್ದಂತೆ ಕಾಣಬಹುದು, ಇರುವುದು ತಪ್ಪಿಯೂ ಹೋಗಬಹುದು. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಹಾಕಿದರೂ ಗರ್ಭದೊಳಗೆ ಇದು ಸುಲಭವಲ್ಲ. ಹುಟ್ಟಿದ ಮೇಲೆ ಎಡಗಡೆಯ ಕೆಳಕೋಣೆಯ ಒತ್ತಡ ಬಲಗಡೆಯದಕ್ಕಿಂತ ಎಷ್ಟೋ ಹೆಚ್ಚು. ಗರ್ಭದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಹಾಗಾಗಿ ಸಂದಿದ್ದರೂ ಅದರೊಳಗೆ ರಕ್ತ ರಭಸದಿಂದ ನುಗ್ಗುವುದಿಲ್ಲ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಮೆಲ್ಲಗೆ ಓಲಾಡುತ್ತದೆ. ಎರಡು ಮಿಲಿಮೀಟರಿಗಿಂತ ಚಿಕ್ಕವು ನುರಿತ ಕಣ್ಣಿಗೂ ತಪ್ಪಿಸಿಕೊಳ್ಳುವುದು ಇದೇ ಕಾರಣಕ್ಕೆ. ತೆರೆಯ ಮೇಲೆ ಕೆಂಪು, ನೀಲಿ ಮಿಂಚಿದಾಗ ನಾನು ಒಳ್ಳೆಯ ರಕ್ತ, ಕೆಟ್ಟ ರಕ್ತ ಎಂದುಕೊಂಡು ನೀಲಿ ಕಂಡಾಗಲೆಲ್ಲ ಉಸಿರು ಬಿಗಿ ಹಿಡಿಯುತ್ತಿದ್ದೆ. ಪ್ರೋಬಿನ ಕಡೆಗೆ ಬರುವ ರಕ್ತ ಕೆಂಪು, ದೂರ ಹೋಗುವುದು ನೀಲಿ. ಬಣ್ಣ ಹೇಳುವುದು ದಿಕ್ಕನ್ನು ಮಾತ್ರ. ಅರ್ಧ ಗೊತ್ತಿರುವವರ ಪಾಡು ಏನೂ ಗೊತ್ತಿಲ್ಲದವರಿಗಿಂತ ಕಡೆ.

ಗೋಡೆ ಏಳುವ ಹೊತ್ತು

ನಾಲ್ಕು ದಿನ ಬಿಟ್ಟು ಮಕ್ಕಳ ಹೃದಯದ ಡಾಕ್ಟರು ನೋಡಿದರು. ಮುಕ್ಕಾಲು ಗಂಟೆ. ಮುಗಿದ ಮೇಲೆ ಫಾರಂ ಒಂದರ ಹಿಂಬದಿಯಲ್ಲಿ ಪೆನ್ನಿನಿಂದ ಒಂದು ಚೌಕ ಬರೆದು ಅದನ್ನು ನಾಲ್ಕು ಮಾಡಿದರು. ಮೇಲೆರಡು ಕೋಣೆ, ಕೆಳಗೆರಡು ಕೋಣೆ. ಕೆಳಗಿನ ಎರಡರ ನಡುಗೋಡೆಯನ್ನು ದಪ್ಪಗೆ ತೀಡುತ್ತಾ ಬಂದು ಒಂದು ಕಡೆ ಪೆನ್ನು ಎತ್ತಿ, ಕೂದಲೆಳೆಯಷ್ಟು ಜಾಗ ಬಿಟ್ಟು ಮತ್ತೆ ತೀಡಿದರು. "ನೋಡಮ್ಮ, ಗೋಡೆ ಇಲ್ಲಿ ಸ್ವಲ್ಪ ಕೂಡಿಲ್ಲ. ಮಾಂಸದ ಭಾಗದಲ್ಲಿದೆ, ಚಿಕ್ಕದಿದೆ. ಬಾಕಿ ಹೃದಯ ಚೆನ್ನಾಗಿದೆ. ಇಂಥವು ಎಷ್ಟೋ ತಾವೇ ಮುಚ್ಚಿಕೊಳ್ತವೆ. ನೋಡೋಣ." ಆ ಕಾಗದವನ್ನು ತಂಗಿ ಮಡಿಚಿ ಪರ್ಸಿನಲ್ಲಿಟ್ಟುಕೊಂಡಳು. ಹೆರಿಗೆಯಾಗುವವರೆಗೂ ಅದು ಅಲ್ಲೇ ಇತ್ತು. ಮಡಿಕೆಯ ಗೆರೆ ಸರಿಯಾಗಿ ಆ ಸಂದಿನ ಮೇಲೇ ಬಿದ್ದು, ಕೊನೆಕೊನೆಗೆ ಕಾಗದ ಅಲ್ಲೇ ಸವೆದು ನಿಜವಾಗಿಯೂ ತೂತಾಯಿತು.

ಕೂಡಿಲ್ಲ. ನನಗೆ ಬೇಕಾಗಿದ್ದ ಮಾತು ಅದು. ತೂತು ಎಂದರೆ ಇದ್ದದ್ದು ಹರಿದಂತೆ, ಯಾರೋ ಚುಚ್ಚಿದಂತೆ. ಕೂಡಿಲ್ಲ ಎಂದರೆ ಕೂಡಬೇಕಾದದ್ದು ಕೂಡುವ ಮೊದಲೇ ನಿಂತಿದೆ. ಆಗುವುದೂ ಹಾಗೆಯೇ. ಗರ್ಭ ಕಟ್ಟಿದ ಇಪ್ಪತ್ತೆರಡು ದಿನದ ಆಸುಪಾಸಿನಲ್ಲಿ ಹೃದಯ ಬಡಿಯಲು ತೊಡಗುವಾಗ ಅದು ಬರೀ ಒಂದು ಕೊಳವೆ. ಗೋಡೆಯಿಲ್ಲ, ಕೋಣೆಯಿಲ್ಲ. ಕೊಳವೆ ಬಾಗಿ ಸುರುಳಿಯಾಗುತ್ತದೆ. ಕೆಳಗಿನಿಂದ ಮಾಂಸದ ಗೋಡೆ ಮೇಲೇಳುತ್ತದೆ. ನಡುಮಧ್ಯದಲ್ಲಿ ಮೆತ್ತೆಯಂಥ ಎರಡು ಉಬ್ಬುಗಳು ಎದುರುಬದುರಾಗಿ ಬೆಳೆದು ಅಂಟಿಕೊಳ್ಳುತ್ತವೆ. ಮೇಲಿನಿಂದ ಇಳಿದುಬರುವ ಗೋಡೆಗಳು ಅವನ್ನು ಸೇರುತ್ತವೆ. ಕೆಳಕೋಣೆಗಳ ನಡುವೆ ಕಟ್ಟಕಡೆಗೆ ಉಳಿಯುವ ಸಂದನ್ನು ಪೊರೆಯಂಥ ತೆಳು ತುಣುಕೊಂದು ಮುಚ್ಚುತ್ತದೆ. ಇಷ್ಟೂ ನಡೆಯುವುದು ನಾಲ್ಕನೇ ವಾರದಿಂದ ಎಂಟನೇ ವಾರದೊಳಗೆ. ಅದೂ ಹೃದಯ ಒಂದು ಗಳಿಗೆಯೂ ಕೆಲಸ ನಿಲ್ಲಿಸದೆ. ಜನ ವಾಸವಿರುವ ಮನೆಯಲ್ಲೇ, ಒಬ್ಬರನ್ನೂ ಎಬ್ಬಿಸದೆ ಗೋಡೆ ಕಟ್ಟಿದ ಹಾಗೆ. ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಎಂಟರಿಂದ ಹತ್ತು ಮಕ್ಕಳಿಗೆ ಹೃದಯದ ಒಂದಲ್ಲ ಒಂದು ಹುಟ್ಟು ತೊಂದರೆ ಇರುತ್ತದೆ, ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಈ ಕೆಳಗೋಡೆಯ ಸಂದು. ಮೊದಲು ಓದಿದಾಗ ಅಷ್ಟೊಂದಾ ಅನಿಸಿತ್ತು. ಕಟ್ಟುವ ಬಗೆ ತಿಳಿದ ಮೇಲೆ ಅಷ್ಟೇನಾ ಅನಿಸಿತು.

ಈ ವಾರಗಳ ಲೆಕ್ಕಕ್ಕೆ ತಂಗಿಯ ಪಾಲಿಗೆ ಬೇರೆಯೇ ಅರ್ಥವಿತ್ತು. ಅವಳು ರಾತ್ರಿ ಮಲಗಿ ಪಟ್ಟಿ ಮಾಡುತ್ತಿದ್ದಳು. ಎರಡನೇ ತಿಂಗಳಲ್ಲಿ ತಲೆನೋವಿಗೆ ನುಂಗಿದ ಮಾತ್ರೆ, ಭಾರ ಎತ್ತಿದ್ದು, ಒಂದು ದಿನ ಜಗಳವಾಡಿ ಊಟ ಬಿಟ್ಟದ್ದು. ಅವಳ ಅತ್ತೆಯೂ ಕೆಟ್ಟ ಮನಸ್ಸಿನಿಂದಲ್ಲ, ಆದರೂ ಕೇಳಿದರು, ಮೊದಮೊದಲು ಅಷ್ಟೊಂದು ಓಡಾಡಿದ್ದೆಯಲ್ಲಮ್ಮ ಎಂದು. ಡಾಕ್ಟರು ಮಾತ್ರ ಬೇರೆ ಪ್ರಶ್ನೆಗಳನ್ನು ಕೇಳಿದ್ದರು: ಬಸಿರಾಗುವ ಮೊದಲೇ ಸಕ್ಕರೆ ಕಾಯಿಲೆ ಇತ್ತಾ, ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದಿತ್ತಾ, ಮೂರ್ಛೆರೋಗದ ಮಾತ್ರೆ ಏನಾದರೂ ತಗೊಳ್ತಿದ್ದೆಯಾ, ಅಪ್ಪ ಅಮ್ಮನಲ್ಲಿ ಯಾರಿಗಾದರೂ ಹುಟ್ಟಿನಿಂದ ಹೃದಯದ ತೊಂದರೆ ಇದೆಯಾ. ಎಲ್ಲಕ್ಕೂ ಇಲ್ಲ. ಬಹಳಷ್ಟು ಮಕ್ಕಳ ವಿಷಯದಲ್ಲಿ ಉತ್ತರ ಹೀಗೆಯೇ ಇರುತ್ತದೆ, ಕಾರಣ ಸಿಗುವುದೇ ಇಲ್ಲ. ಗೋಡೆಯ ಕೆಲಸ ಅರ್ಧವಾಗಿರುವಾಗ ಎಷ್ಟೋ ಹೆಂಗಸರಿಗೆ ತಾವು ಬಸಿರು ಎಂಬುದೇ ಆಗಷ್ಟೇ ತಿಳಿದಿರುತ್ತದೆ. ಇದನ್ನು ತಂಗಿಗೆ ನೂರು ಸಲ ಹೇಳಿದೆ. ತಪ್ಪು ತನ್ನದಲ್ಲ ಎಂದು ಒಪ್ಪಿಕೊಂಡರೆ ಕೈಗೆ ಹಿಡಿಯಲು ಏನೂ ಉಳಿಯುವುದಿಲ್ಲವಲ್ಲ. ಆ ಪಟ್ಟಿಯಾದರೂ ಅವಳದಾಗಿತ್ತು. ಇದು ನನಗೆ ತಡವಾಗಿ ಹೊಳೆಯಿತು.

ಬಳಗಕ್ಕೆಲ್ಲ ಮತ್ತೆ ಫೋನ್ ಮಾಡಿ ಮಾತು ತಿದ್ದಿದೆ. ತೂತಲ್ಲ, ಗೋಡೆ ಇನ್ನೂ ಮುಗಿದಿಲ್ಲ ಅಷ್ಟೇ ಎಂದೆ. ಅಮ್ಮನಿಗೆ ಇದು ಎಷ್ಟು ಹಿಡಿಸಿತೆಂದರೆ, ಮುಗಿಯದಿದ್ದರೆ ಇನ್ನು ನಾಲ್ಕು ತಿಂಗಳಿದೆಯಲ್ಲ, ಮುಗಿಯುತ್ತೆ ಎಂದು ಎಲ್ಲರಿಗೂ ಹೇಳತೊಡಗಿದಳು. ಆಗ ನನಗೆ ಕಸಿವಿಸಿಯಾಯಿತು. ಮಾಂಸದ ಭಾಗದ ಚಿಕ್ಕ ಸಂದುಗಳಲ್ಲಿ ಬಹುಪಾಲು ಗರ್ಭದಲ್ಲೋ, ಹುಟ್ಟಿದ ಒಂದೆರಡು ವರ್ಷದಲ್ಲೋ ಮುಚ್ಚಿಕೊಳ್ಳುವುದು ನಿಜ. ಸುತ್ತಲ ಮಾಂಸ ಬೆಳೆದು ಅದನ್ನು ನುಂಗಿಬಿಡುತ್ತದೆ. ಆದರೆ ಗೋಡೆಯ ಕೆಲಸ ಮುಗಿಯಬೇಕಾದ ಗಡುವು ಎಂದೋ ದಾಟಿತ್ತು ಎನ್ನುವುದೂ ಅಷ್ಟೇ ನಿಜ. ಕೆಲವು ಜಾಗದ ಸಂದುಗಳು, ಅದರಲ್ಲೂ ಕವಾಟಗಳ ಬುಡದಲ್ಲಿರುವಂಥವು, ಎಷ್ಟು ಕಾದರೂ ಮುಚ್ಚುವುದಿಲ್ಲ. ಮೊದಲು ಹೆದರಿಸುವ ಮಾತನ್ನು ಹಂಚಿದ್ದೆ, ಈಗ ಮಲಗಿಸುವ ಮಾತನ್ನು ಹಂಚಿದ್ದೆ. ಎರಡೂ ಡಾಕ್ಟರು ಹೇಳಿದ್ದಲ್ಲ. ಅವರು ಹೇಳಿದ್ದು 'ನೋಡೋಣ'.

ಕಿಂಡಿಯಿಂದಲೇ ಬದುಕು

ನನ್ನನ್ನು ಆ ದಿನಗಳಲ್ಲಿ ಹಿಡಿದಿಟ್ಟದ್ದು ಇನ್ನೊಂದು ಸಂಗತಿ. ಗರ್ಭದ ಮಗುವಿನ ಹೃದಯದಲ್ಲಿ ಇರಲೇಬೇಕಾದ ಕಿಂಡಿ ಒಂದಿದೆ. ಮೇಲಿನ ಎರಡು ಕೋಣೆಗಳ ನಡುವೆ ಇರುವ ಅದಕ್ಕೆ ಫೋರಾಮೆನ್ ಒವೇಲ್ ಎಂದು ಹೆಸರು. ಗರ್ಭದಲ್ಲಿ ಶ್ವಾಸಕೋಶಕ್ಕೆ ಕೆಲಸವಿಲ್ಲ, ಆಮ್ಲಜನಕ ಬರುವುದು ಮಾಸಿನಿಂದ, ಹೊಕ್ಕುಳಬಳ್ಳಿಯ ಮೂಲಕ. ಹಾಗೆ ಬಂದ ತಾಜಾ ರಕ್ತ ಬಲಗಡೆಯ ಮೇಲ್ಕೋಣೆಗೆ ಸೇರಿ, ಈ ಕಿಂಡಿಯಲ್ಲಿ ನುಸುಳಿ ಎಡಕ್ಕೆ ದಾಟಿ, ಅಲ್ಲಿಂದ ಮೊದಲು ಮಗುವಿನ ಹೃದಯದ ಮಾಂಸಕ್ಕೂ ಮೆದುಳಿಗೂ ಹೋಗುತ್ತದೆ. ಕಿಂಡಿ ಗರ್ಭದಲ್ಲೇ ಮುಚ್ಚಿಕೊಂಡರೆ ಅದು ಆಪತ್ತು. ಹುಟ್ಟಿ, ಮೊದಲ ಉಸಿರೆಳೆದು, ಶ್ವಾಸಕೋಶಕ್ಕೆ ರಕ್ತ ನುಗ್ಗಿ ಎಡಗಡೆಯ ಒತ್ತಡ ಏರಿದಾಗ ಕಿಂಡಿಗೆ ಅಂಟಿದ ತೆಳು ಪೊರೆ ಬಾಗಿಲಿನಂತೆ ಒತ್ತಿ ಮುಚ್ಚುತ್ತದೆ, ಆಮೇಲೆ ನಿಧಾನವಾಗಿ ಅಂಟಿಕೊಳ್ಳುತ್ತದೆ. ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಅದು ಪೂರ್ತಿ ಅಂಟುವುದೇ ಇಲ್ಲ. ಇದನ್ನು ಓದುತ್ತಿರುವ ಎಷ್ಟೋ ಜನರ ಎದೆಯಲ್ಲೂ ಆ ಬಾಗಿಲು ತುಸು ಸಡಿಲವಾಗಿದ್ದೀತು, ಬಹುಪಾಲು ಜನರಿಗೆ ಜೀವನವಿಡೀ ಅದು ಗೊತ್ತೂ ಆಗುವುದಿಲ್ಲ.

ಕೆಳಗೋಡೆಯ ಸಂದಿನ ಕಥೆಯೂ ಗರ್ಭದೊಳಗೆ ಹೀಗೆಯೇ ನಿರುಪದ್ರವಿ. ಎರಡೂ ಕಡೆ ಒತ್ತಡ ಸಮವಾಗಿರುವ ತನಕ ಮಗುವಿಗೆ ಏನೂ ಆಗುವುದಿಲ್ಲ. ಅದು ಬೆಳೆಯುತ್ತದೆ, ಒದೆಯುತ್ತದೆ, ಬೆರಳು ಚೀಪುತ್ತದೆ. ಕಷ್ಟ ಬರುವುದಿದ್ದರೆ ಉಸಿರಾಟ ಶುರುವಾದ ಮೇಲೆ. ಅಂದರೆ ಇಪ್ಪತ್ತನೇ ವಾರದಲ್ಲಿ ನಮ್ಮ ಕೈಗೆ ಬಂದದ್ದು ಇನ್ನೂ ಬಂದಿಲ್ಲದ, ಬರದೆಯೂ ಇರಬಹುದಾದ ಕಾಯಿಲೆಯ ಸುದ್ದಿ. ಹೊಟ್ಟೆಯಲ್ಲಿದ್ದವನು ಆರಾಮಾಗಿದ್ದ. ನರಳುತ್ತಿದ್ದವರು ಹೊರಗಿದ್ದ ನಾವು.

ಹಳೆಯ ಕಾಲದವರಿಗೂ ಈ ನಡುಗೋಡೆ ತಲೆಬಿಸಿ ಮಾಡಿತ್ತು. ಎರಡನೇ ಶತಮಾನದ ಗ್ರೀಕ್ ವೈದ್ಯ ಗೇಲನ್, ಎಲ್ಲರ ಹೃದಯದ ಕೆಳಗೋಡೆಯಲ್ಲೂ ಕಣ್ಣಿಗೆ ಕಾಣದ ಸಣ್ಣಸಣ್ಣ ರಂಧ್ರಗಳಿವೆ, ಬಲಗಡೆಯ ರಕ್ತ ಅವುಗಳಲ್ಲಿ ಜಿನುಗಿ ಎಡಕ್ಕೆ ಬರುತ್ತದೆ ಎಂದು ಬರೆದಿಟ್ಟ. ಅವನ ಲೆಕ್ಕದಲ್ಲಿ ಗೋಡೆಗೆ ರಂಧ್ರವಿರುವುದೇ ಆರೋಗ್ಯ. ಸಾವಿರ ವರ್ಷ ಕಳೆದ ಮೇಲೆ, 1242ರಲ್ಲಿ, ಇಬ್ನ್ ಅಲ್ ನಫೀಸ್ ಎಂಬ ವೈದ್ಯ ಗೋಡೆ ಗಟ್ಟಿಯಾಗಿದೆ, ಅಲ್ಲಿ ಕಂಡದ್ದೂ ಇಲ್ಲ ಕಾಣದ್ದೂ ಇಲ್ಲ, ರಕ್ತ ಶ್ವಾಸಕೋಶವನ್ನು ಸುತ್ತಿಯೇ ಎಡಕ್ಕೆ ಬರಬೇಕು ಎಂದ. ಅವನ ಆ ಬರಹ 1924ರವರೆಗೆ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಅಷ್ಟರಲ್ಲಿ 1628ರಲ್ಲಿ ಇಂಗ್ಲಿಷ್ ವೈದ್ಯ ವಿಲಿಯಂ ಹಾರ್ವೆ ರಕ್ತ ಸುತ್ತುವ ಬಗೆಯನ್ನು ವಿವರಿಸಿಯಾಗಿತ್ತು. ಇಲ್ಲದ ತೂತನ್ನು ಹದಿಮೂರು ಹದಿನಾಲ್ಕು ಶತಮಾನ ನಂಬಿಕೊಂಡು ಬಂದವರ ಎದುರು ನಮ್ಮ ದೊಡ್ಡಮ್ಮ ಯಾವ ಲೆಕ್ಕ ಎಂದು ಒಬ್ಬಳೇ ನಕ್ಕಿದ್ದೆ.

ಇಂಥದನ್ನೆಲ್ಲ ಓದಿ ತಂಗಿಗೆ ಹೇಳುವ ಚಟ ನನಗೆ. ಒಂದು ರಾತ್ರಿ ಲಿಲ್ಲೆಹೈ ಎಂಬ ಸರ್ಜನ್ ಕಥೆ ಹೇಳತೊಡಗಿದೆ. 1954ರ ಮಾರ್ಚ್ 26, ಮಿನೆಸೋಟಾ ವಿಶ್ವವಿದ್ಯಾಲಯ. ಹೃದಯವನ್ನು ತೆರೆದು ಒಳಗೆ ಹೊಲಿಗೆ ಹಾಕುವಷ್ಟು ಹೊತ್ತು ಮಗುವಿನ ಮೈಗೆ ರಕ್ತ ಹರಿಸಲು ನೆಚ್ಚಿಕೊಳ್ಳುವಂಥ ಯಂತ್ರ ಇಲ್ಲದ ಕಾಲ. ಅದಕ್ಕೆ ಅಪ್ಪನನ್ನೇ ಪಕ್ಕದ ಮೇಜಿನ ಮೇಲೆ ಮಲಗಿಸಿ, ಅಪ್ಪನ ರಕ್ತನಾಳಗಳನ್ನು ಮಗನವುಗಳಿಗೆ ಜೋಡಿಸಿ, ಅಪ್ಪನ ಹೃದಯ ಮತ್ತು ಶ್ವಾಸಕೋಶ ಇಬ್ಬರಿಗೂ ದುಡಿಯುವಂತೆ ಮಾಡಿ, ಒಂದು ವರ್ಷದ ಮಗುವಿನ ಕೆಳಗೋಡೆಯ ಸಂದನ್ನು ಹೊಲಿದರು. ತಂಗಿ ಎದ್ದು ಕೂತು ಕೇಳುತ್ತಿದ್ದಳು. "ಆಮೇಲೆ?" ಎಂದಳು. ಆಗ ನನಗೆ ಕಥೆಯ ಕೊನೆ ನೆನಪಾಯಿತು. ಮಗು ಹನ್ನೊಂದನೇ ದಿನ ನ್ಯುಮೋನಿಯಾದಿಂದ ತೀರಿಕೊಂಡಿತ್ತು. ನಾನು ತಡವರಿಸಿದ್ದೇ ಸಾಕಾಯಿತು ಅವಳಿಗೆ. ಆ ಕ್ರಮದಲ್ಲಿ ಆಪರೇಷನ್ ಆದ 45 ಜನರಲ್ಲಿ 28 ಮಂದಿ ಬದುಕಿ ಮನೆಗೆ ಹೋದರು ಎಂಬ ಮಾತನ್ನು ಅವಳು ಕೇಳಿಸಿಕೊಳ್ಳಲೇ ಇಲ್ಲ. "ಅಕ್ಕಾ, ಸಾಕು. ನಂಗೆ ಇನ್ನೇನೂ ಹೇಳ್ಬೇಡ" ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಆಮೇಲೆ ನಾನು ಓದಿದ್ದನ್ನು ಬರೆದಿಟ್ಟುಕೊಂಡೆ, ಹೇಳುವುದು ಬಿಟ್ಟೆ.

ಪಕ್ಕದ ಕುರ್ಚಿ

ಎರಡನೇ ಫೀಟಲ್ ಎಕೋ ದಿನ ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬಾಕೆ ಇದ್ದಳು. ಒಂದೇ ಬಗೆಯ ಫೈಲು ಹಿಡಿದವರು ಬೇಗ ಮಾತಿಗಿಳಿಯುತ್ತಾರೆ. ತಂಗಿ "ನಮ್ದು ಗೋಡೆ ಕೂಡಿಲ್ಲ" ಎಂದಳು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು "ನಮ್ದು ನಡುವಿನ ಭಾಗವೇ ಇಲ್ವಂತೆ" ಎಂದಳು. ಮೇಲ್ಗೋಡೆಯ ಕೆಳತುದಿ, ಕೆಳಗೋಡೆಯ ಮೇಲ್ತುದಿ ಎರಡೂ ಇಲ್ಲದೆ, ಎರಡು ಕವಾಟಗಳ ಜಾಗದಲ್ಲಿ ಒಂದೇ ದೊಡ್ಡ ಕವಾಟ ಇರುವ ತೊಂದರೆ ಅದು. ಎ.ವಿ.ಎಸ್.ಡಿ. ಎನ್ನುತ್ತಾರೆ. ತಾನಾಗಿ ಮುಚ್ಚುವ ಮಾತೇ ಇಲ್ಲ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ ಆಪರೇಷನ್ ಆಗಬೇಕು. ಗರ್ಭದಲ್ಲಿ ಇದು ಕಂಡಾಗ ಸುಮಾರು ಅರ್ಧದಷ್ಟು ಮಕ್ಕಳಿಗೆ ಡೌನ್ ಸಿಂಡ್ರೋಮ್ ಎಂಬ ವರ್ಣತಂತುವಿನ ತೊಂದರೆ ಇರುತ್ತದೆ, ಹಾಗಾಗಿ ಹೊಟ್ಟೆಗೆ ಸೂಜಿ ಹಾಕಿ ಗರ್ಭದ ನೀರು ತೆಗೆದು ವರ್ಣತಂತು ನೋಡುವ ಪರೀಕ್ಷೆಗೂ ಕೇಳುತ್ತಾರೆ. ಆಕೆ ಅದರ ಫಲಿತಾಂಶಕ್ಕೆ ಕಾಯುತ್ತಿದ್ದಳು. ಫೈಲಿನ ಮೂಲೆಯನ್ನು ಉಗುರಿನಿಂದ ಒಂದೇ ಸಮ ಕೀಳುತ್ತಿದ್ದಳು, ಪುಟ್ಟಪುಟ್ಟ ಕಾಗದದ ಚೂರು ಸೀರೆಯ ಮೇಲೆ ಬಿದ್ದಿತ್ತು. ಹೆಸರು ಕರೆದಾಗ ಎದ್ದು, ಅವನ್ನು ಕೊಡವಿಕೊಂಡು ಒಳಗೆ ಹೋದಳು. ಮತ್ತೆ ನಮಗೆ ಸಿಗಲಿಲ್ಲ.

ಮುಂಚೆಯೇ ತಿಳಿದು ಏನು ಪ್ರಯೋಜನ ಎಂದು ನಮ್ಮ ಮನೆಯಲ್ಲಿ ವಾದ ನಡೆಯುತ್ತಲೇ ಇತ್ತು. ನಮ್ಮಂಥವರಿಗೆ ಪ್ರಯೋಜನಕ್ಕಿಂತ ಸಂಕಟವೇ ಹೆಚ್ಚು ಎಂದು ನನಗೂ ಒಮ್ಮೊಮ್ಮೆ ಅನಿಸಿದೆ. ಚಿಕ್ಕ ಸಂದೊಂದು ಸದ್ದಿಲ್ಲದೆ ಮುಚ್ಚಿಹೋಗಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಸ್ಕ್ಯಾನಿಂಗ್ ಯಂತ್ರಗಳು ಚುರುಕಾದಷ್ಟೂ ಹಿಂದಿನ ತಲೆಮಾರು ಕಾಣದೆಯೇ ದಾಟಿದ ಇಂಥ ಎಷ್ಟೋ ಸಂಗತಿಗಳು ನಮ್ಮ ಫೈಲಿಗೆ ಬಂದು ಕೂರುತ್ತವೆ. ಆದರೆ ಪಕ್ಕದ ಕುರ್ಚಿಯವಳಿಗೆ ಹಾಗಲ್ಲ. ಎಲ್ಲಿ ಹೆರಬೇಕು, ಯಾವ ಡಾಕ್ಟರು ಹತ್ತಿರ ಇರಬೇಕು, ಯಾವ ತಿಂಗಳಿಗೆ ಆಪರೇಷನ್, ಮಗುವನ್ನು ಹೇಗೆ ಬರಮಾಡಿಕೊಳ್ಳಬೇಕು, ಎಲ್ಲಕ್ಕೂ ಅವಳಿಗೆ ಆ ನಾಲ್ಕು ತಿಂಗಳು ಬೇಕು. ದೊಡ್ಡ ಸಂದು ಗೊತ್ತಾಗದೆ ಉಳಿದರೆ ವರ್ಷಗಟ್ಟಲೆ ಜಾಸ್ತಿ ರಕ್ತ ಶ್ವಾಸಕೋಶಕ್ಕೆ ನುಗ್ಗಿ ಅಲ್ಲಿನ ನಾಳಗಳು ಗಡುಸಾಗುತ್ತವೆ, ಒಂದು ದಿನ ಹರಿವು ತಿರುವುಮುರುವಾಗಿ ತುಟಿ ಉಗುರು ನೀಲಿಗಟ್ಟುತ್ತವೆ. 1897ರಲ್ಲಿ ಇದನ್ನು ವಿವರಿಸಿದ ಐಸೆನ್‌ಮೆಂಗರ್ ಹೆಸರೇ ಆ ಸ್ಥಿತಿಗಿದೆ. ಅಲ್ಲಿಗೆ ಹೋದ ಮೇಲೆ ಗೋಡೆ ಮುಚ್ಚಲು ಬರುವುದಿಲ್ಲ. ಒಂದೇ ಯಂತ್ರ, ಒಂದೇ ಕೋಣೆ, ಒಂದೇ ಜೆಲ್. ಒಬ್ಬಳಿಗೆ ಅದು ಬೇಕಾಗಿದ್ದ ಎಚ್ಚರಿಕೆ, ಇನ್ನೊಬ್ಬಳಿಗೆ ನಾಲ್ಕು ತಿಂಗಳ ನಿದ್ದೆಗೇಡು. ಯಾರಿಗೆ ಯಾವುದು ಎಂದು ನೋಡಿದ ಮೇಲೆ ತಾನೆ ಗೊತ್ತಾಗುವುದು.

ಸದ್ದು

ಗಂಡು ಮಗು, ತಿಂಗಳು ತುಂಬಿಯೇ ಹುಟ್ಟಿದ. ಜೋರಾಗಿ ಅತ್ತ. ಎರಡನೇ ದಿನ ಮಕ್ಕಳ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಏನೂ ಸದ್ದಿಲ್ಲ ಎಂದದ್ದೇ ಅಮ್ಮ ಕೈಮುಗಿದಳು. ನನಗೆ ಗೊತ್ತಿತ್ತು, ಆದರೆ ಈ ಸಲ ಬಾಯಿ ಬಿಡಲಿಲ್ಲ. ಮೊದಲ ದಿನಗಳಲ್ಲಿ ಶ್ವಾಸಕೋಶದ ನಾಳಗಳು ಇನ್ನೂ ಬಿಗಿಯಾಗಿರುತ್ತವೆ, ಎರಡೂ ಕಡೆಯ ಒತ್ತಡದ ಅಂತರ ಕಡಿಮೆ, ಸಂದಿದ್ದರೂ ಅದು ಬಾಯಿ ತೆರೆಯುವುದಿಲ್ಲ. ವಾರಗಳು ಕಳೆದಂತೆ ಆ ಬಿಗಿ ಸಡಿಲುತ್ತದೆ, ಆಗ ಎಡಗಡೆಯಿಂದ ಬಲಕ್ಕೆ ರಕ್ತ ಚಿಮ್ಮತೊಡಗುತ್ತದೆ. ದೊಡ್ಡ ಸಂದಿದ್ದ ಮಕ್ಕಳು ದಣಿಯುವುದು ಸಾಮಾನ್ಯವಾಗಿ ಒಂದು ತಿಂಗಳು ತುಂಬಿದ ಮೇಲೆ, ಆಗಲೇ. ಹಾಲು ಕುಡಿಯುವಾಗ ಹಣೆ ಬೆವರುತ್ತದೆಯೇ, ಅರ್ಧಕ್ಕೇ ಸುಸ್ತಾಗಿ ಬಿಡುತ್ತದೆಯೇ, ಮಲಗಿದಾಗಲೂ ಪಕ್ಕೆ ಎಳೆದು ಉಸಿರಾಡುತ್ತದೆಯೇ, ತೂಕ ಏರುತ್ತಿಲ್ಲವೇ, ಇವನ್ನು ನೋಡುತ್ತಿರಿ ಎಂದು ಡಾಕ್ಟರು ತಂಗಿಗೆ ಹೇಳಿ ಕಳಿಸಿದ್ದರು. ಅವಳು ಹಾಲೂಡಿಸುವಾಗಲೆಲ್ಲ ಎಡಗೈಯ ಹಿಂಬದಿಯನ್ನು ಮಗುವಿನ ಹಣೆಗೆ ಒತ್ತಿ ನೋಡುತ್ತಿದ್ದಳು. ಒಣಗಿದೆಯಾ, ಒಣಗಿದೆ. ಆ ಕೈ ಚಲನೆ ಎಷ್ಟು ಅಭ್ಯಾಸವಾಯಿತೆಂದರೆ ಈಗಲೂ ಮಗನ ಜೊತೆ ಮಾತಾಡುವಾಗ ಕೈ ತಾನಾಗಿ ಅವನ ಹಣೆಗೆ ಹೋಗುತ್ತದೆ.

ಆರನೇ ವಾರ ಸದ್ದು ಬಂತು. ಲಬ್ ಡಬ್ ನಡುವೆ ಉದ್ದಕ್ಕೆ ಒಂದು ಷ್ಷ್. ಮರ್ಮರ ಎಂದು ಅದನ್ನು ಕರೆಯುವುದು ಸರಿಯಾಗಿದೆ, ತುಂಬಿದ ಮನೆಯಲ್ಲಿ ಯಾರೋ ಗುಟ್ಟು ಹೇಳಿದ ಹಾಗೆ. ಎಕೋದಲ್ಲಿ ಎರಡೂವರೆ ಮಿಲಿಮೀಟರ್. ಮಗು ಬೆಳೆಯುತ್ತಿದ್ದ, ತೂಕ ಏರುತ್ತಿತ್ತು, ಔಷಧಿ ಏನೂ ಬೇಡ ಎಂದರು. ಮತ್ತೆ ನೋಡೋಣ. ಆರು ತಿಂಗಳಿಗೆ ನೋಡೋಣ. ಒಂದು ವರ್ಷಕ್ಕೆ ನೋಡೋಣ.

ಹದಿನಾಲ್ಕನೇ ತಿಂಗಳ ತಪಾಸಣೆಗೆ ನಾನೂ ಹೋಗಿದ್ದೆ. ಮಗು ಡಾಕ್ಟರ ಮೇಜಿನ ಮೇಲಿದ್ದ ಪೆನ್ನಿಗೆ ಕೈ ಹಾಕುತ್ತಾ ಒಂದು ಗಳಿಗೆ ನಿಲ್ಲುತ್ತಿರಲಿಲ್ಲ. ಡಾಕ್ಟರು ಅವನ ಎದೆಗೆ ಕಿವಿಗೊಟ್ಟು ಬಹಳ ಹೊತ್ತು ಕೇಳಿ, "ಸದ್ದು ಮೊದಲಿಗಿಂತ ಜೋರಾಗಿದೆ" ಎಂದರು. ತಂಗಿಯ ಮುಖ ಬಿಳಿಚಿಕೊಂಡಿತು. ಅವರು ನಕ್ಕರು. "ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದ್ರೆ ನೀರು ಏನ್ಮಾಡುತ್ತೆ?" ಬಾಯಿ ಕಿರಿದಾದಷ್ಟೂ ರಭಸ ಹೆಚ್ಚು, ರಭಸ ಹೆಚ್ಚಾದಷ್ಟೂ ಸದ್ದು ಹೆಚ್ಚು. ದೊಡ್ಡ ಸಂದು ಮೆಲ್ಲಗೆ ಹರಿಯುತ್ತದೆ, ಕಾಟ ಕೊಡುವುದು ಅದು. 1879ರಲ್ಲೇ ಆನ್ರಿ ರೋಜೆ ಎಂಬ ಫ್ರೆಂಚ್ ವೈದ್ಯ ಈ ವಿಚಿತ್ರವನ್ನು ಗುರುತಿಸಿದ್ದ, ಎದೆಯಲ್ಲಿ ಅಷ್ಟು ದೊಡ್ಡ ಸದ್ದಿದ್ದೂ ಆರಾಮಾಗಿ ಓಡಾಡಿಕೊಂಡಿರುವ ಮಕ್ಕಳನ್ನು. ಎಕೋದಲ್ಲಿ ಒಂದೂವರೆ ಮಿಲಿಮೀಟರೂ ಇರಲಿಲ್ಲ. ಇನ್ನೆರಡು ವರ್ಷ ಬಿಟ್ಟು ಬನ್ನಿ ಎಂದರು. ಹೊರಡುವ ಮೊದಲು ತಂಗಿ ಕೇಳಬೇಕೋ ಬೇಡವೋ ಎನ್ನುವಂತೆ ಕೇಳಿದಳು, ನಾನೊಂದು ಸಲ ಕೇಳಿಸಿಕೊಳ್ಳಬಹುದಾ ಎಂದು. ಡಾಕ್ಟರು ಸ್ಟೆತಾಸ್ಕೋಪನ್ನು ಅವಳ ಕಿವಿಗೆ ಹಾಕಿ ಮಗನ ಎದೆಯ ಮೇಲೆ ಬಿಲ್ಲೆಯನ್ನು ಸರಿಯಾದ ಜಾಗಕ್ಕೆ ಒತ್ತಿಟ್ಟರು. ಅವಳು ಕಣ್ಣು ಮುಚ್ಚಿ ಕೇಳಿದಳು. ಮಗ ಆ ಕೊಳವೆಯನ್ನು ಹಿಡಿದು ಎಳೆಯುತ್ತಲೇ ಇದ್ದ.

ಹೊರಗೆ ಬಂದು ಅದೇ ಬೆಂಚಿನ ಮೇಲೆ ಕೂತೆವು. ಅಮ್ಮನ ಫೋನ್ ಬಂತು. ನಾನು ಎತ್ತದೆ ತಂಗಿಯ ಕೈಗೆ ಕೊಟ್ಟೆ. ಜೋರು ದನಿಯಾದ್ದರಿಂದ ಅಮ್ಮನ ಮಾತು ನನಗೂ ಕೇಳುತ್ತಿತ್ತು.

"ಏನಂದ್ರೇ? ತೂತು ಮುಚ್ತಾ?"

"ಇಲ್ಲಮ್ಮ, ಇನ್ನೂ ಇದೆ. ಸಣ್ಣ ಆಗಿದ್ಯಂತೆ, ಅದಕ್ಕೇ ಜಾಸ್ತಿ ಕೂಗ್ತಿದೆ."

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅಮ್ಮ, "ಕೂಗ್ಲಿ ಬಿಡು" ಎಂದಳು.